ಅಂಜುಬುರುಕಿ ಸೆನೆಟರ್

ಕುಲ್ಯಾಶಳ ಮುಖ ಕಾಣುವ ಮೊದಲೇ ನಮ್ಮೂರು ಸರಿಬುಲಾಕಿನವರಿಗೆಲ್ಲ ಅವಳ ದನಿ ಗೊತ್ತಿತ್ತು. ನಮ್ಮ ಬಸ್ ನಿಲ್ದಾಣದ ಮೂಲೆಯಲ್ಲಿ ಪಂಜರದಂಥ ಒಂದು ಗಾಜಿನ ಕೋಣೆ. ಅದರೊಳಗೆ ಕೂತು ಅವಳು ಯಾವ ಬಸ್ಸು ಯಾವ ಊರಿಗೆ ಹೊರಟಿದೆಯೆಂದು ಮೈಕಿನಲ್ಲಿ ಕೂಗುತ್ತಿದ್ದಳು, ಮೊದಲು ಕಜಕ್ ಮಾತಿನಲ್ಲಿ, ಆಮೇಲೆ ರಷ್ಯನ್ನಿನಲ್ಲಿ. ದನಿ ಗಟ್ಟಿ, ಸ್ಪಷ್ಟ. ಆದರೆ ಗಾಜಿಗೆ ಒಳಗಿನಿಂದ ಹೂವಿನ ಪರದೆ ಎಳೆದುಕೊಂಡಿರುತ್ತಿದ್ದಳು. ನಾಲ್ಕು ಜನ ತನ್ನನ್ನೇ ನೋಡುತ್ತಿದ್ದಾರೆ ಎಂದರೆ ಸಾಕು, ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಮದುವೆಯ ಔತಣಗಳಲ್ಲಿ ಹಾರೈಕೆ ಹೇಳಲು ಹೆಸರು ಕರೆದರೆ ಎದ್ದು ನಿಂತು, ಬೆವತು, ಹಾಗೇ ಕೂತುಬಿಡುತ್ತಿದ್ದಳು.

"ನನ್ನ ಸೊಸೆ ಪರದೆ ಹಿಂದೆ ಇದ್ರೆ ಹುಲಿ, ಪರದೆ ಸರಿಸಿದ್ರೆ ಇಲಿ," ಎಂದು ಅವಳ ಅತ್ತೆ ಜುಪಾರ್ ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದಳು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಬೇಲಿ. ಹಾಗಾಗಿ ಆ ಮನೆಯ ನಗುವೂ ಅಳುವೂ ನನಗೆ ತಪ್ಪುತ್ತಿರಲಿಲ್ಲ.

ಒಂದು ಫೆಬ್ರವರಿಯಲ್ಲಿ, ಬೆಳಿಗ್ಗೆ, ಕುಲ್ಯಾಶ್ ನಿಲ್ದಾಣದ ಮೇಲಧಿಕಾರಿ ಸಾದ್ವಕಾಸೊವ್‌ನ ಬಾಗಿಲಿಗೆ ಹೋಗಿ ನಿಂತಳು.

"ಅಣ್ಣಾ, ಗಾಳಿ ತಿರುಗಿದೆ. ನಾಯಿಗಳೆಲ್ಲ ಗೋಡೆ ಬುಡ ಸೇರ್ಕೊಂಡಿವೆ. ಬುರಾನ್ ಬರೋ ಹಾಗಿದೆ."

"ನಾಯಿ ಕೇಳ್ಕೊಂಡು ಬಸ್ ಬಿಡೋಕಾಗುತ್ತಾ? ರಸ್ತೆ ಮುಚ್ಚಿ ಗೇಟ್ ಹಾಕಿಲ್ಲ ತಾನೆ? ಹೋಗು, ಕೂಗು."

ಅವಳು ಹೋಗಿ ಕೂಗಿದಳು. ಬೆಂಚುಗಳ ಮೇಲೆ ಕೂತಿದ್ದವರು ಗಂಟುಮೂಟೆ ಎತ್ತಿಕೊಂಡು ಎದ್ದರು. ಮಧ್ಯಾಹ್ನದ ಹೊತ್ತಿಗೆ ಬುರಾನ್, ಆ ಹಿಮದ ಬಿರುಗಾಳಿ, ಎದ್ದು ಹುಲ್ಲುಗಾವಲಿನ ಮೇಲೆ ಆಕಾಶವೂ ನೆಲವೂ ಒಂದೇ ಬಿಳುಪಾಗಿ, ಬಸ್ಸು ಹಿಮದಲ್ಲಿ ಹೂತುಹೋಯಿತು. ಯಾರೂ ಇಳಿಯಬೇಡಿ ಎಂದು ಚಾಲಕ ಬೇಡಿಕೊಂಡ. ಶಾಲಾ ಮೇಷ್ಟ್ರು ನುರ್ತಾಸ್ ಮತ್ತು ಒಬ್ಬಳು ನರ್ಸ್ ಹುಡುಗಿ ಕೇಳಲಿಲ್ಲ, ದೀಪ ಕಾಣುತ್ತಿದೆ, ಹಳ್ಳಿ ಹತ್ತಿರದಲ್ಲೇ ಇದೆ, ಸಹಾಯ ಕರೆತರುತ್ತೇವೆ ಎಂದು ಇಳಿದರು. ಗಾಳಿ ನಿಂತ ಮೇಲೆ ಇಬ್ಬರೂ ಸಿಕ್ಕಿದರು, ಬಸ್ಸಿನಿಂದ ಒಂದು ಕೂಗಿನ ದೂರದಲ್ಲಿ. ಹಿಮದಲ್ಲಿ ಕಣ್ಣು ಕಾಣದೆ ಬಸ್ಸನ್ನೇ ಸುತ್ತಿ ಸುತ್ತಿ ಬಿದ್ದಿದ್ದರು. ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು.

ವಿಚಾರಣೆಯಲ್ಲಿ ತಪ್ಪೆಲ್ಲ ಚಾಲಕನ ತಲೆಗೆ ಬಂತು. ಬಸ್ಸು ಕೂಗಿದವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬೇಲಿಯ ಬಳಿ ಅವಳು ನನಗೆ ಹೇಳಿದ್ದು ಇಷ್ಟೇ: "ನನ್ನ ದನಿ ಕೇಳಿ ಅವರು ಎದ್ರು ಕಣೇ. ಎದ್ದಿದ್ದನ್ನ ನಾನು ಪರದೆ ಸಂದಿಯಿಂದ ನೋಡ್ದೆ." ಅವತ್ತಿನಿಂದ ತನ್ನ ಬಾಯಿಯ ಮಾತೆಂದರೇ ಅವಳಿಗೆ ಭಯ. ಹೊರಟ ಮಾತು ಯಾರನ್ನು ಎಲ್ಲಿಗೆ ಕಳಿಸುತ್ತದೋ ಎಂದು ಉಪ್ಪು ಕೊಡಿ ಎನ್ನಲೂ ಯೋಚಿಸುತ್ತಿದ್ದಳು.

ಮುಂದಿನ ಚಳಿಗಾಲದಲ್ಲಿ ಮತ್ತೆ ಅಂಥದೇ ಬೆಳಗು ಬಂತು. ಮತ್ತೆ ಅಧಿಕಾರಿ ಕೂಗು ಎಂದ. ಕುಲ್ಯಾಶ್ ಗಾಜಿನ ಕೋಣೆಯ ಚಿಲಕ ಹಾಕಿಕೊಂಡು ಮೈಕಿನಲ್ಲಿ ಹೇಳಿದಳು: "ಬಸ್ಸು ಹೊರಡುವುದಿಲ್ಲ. ಎಲ್ಲರೂ ಮನೆಗೆ ಹೋಗಿ." ಎರಡೂ ಭಾಷೆಗಳಲ್ಲಿ ಹೇಳಿದಳು. ಸಾದ್ವಕಾಸೊವ್ ಹೊರಗಿನಿಂದ ಗಾಜು ಗುದ್ದುತ್ತಿದ್ದ. ಅವಳು ಒಳಗೆ ಮೇಜಿನ ಕೆಳಗೆ ಮುದುಡಿ ಕೂತು ಅಳುತ್ತಿದ್ದಳು. ಮೈಕು ಆರಿಸಲು ಮರೆತಿದ್ದರಿಂದ ಆ ಅಳು ನಿಲ್ದಾಣಕ್ಕೆಲ್ಲ ಕೇಳಿಸಿತು. ಸಂಜೆಯೊಳಗೆ ಬುರಾನ್ ಬಂದು ರಸ್ತೆಯೇ ಅಳಿಸಿಹೋಯಿತು. ಅವಳ ಕೆಲಸವೂ ಹೋಯಿತು. ಆದರೆ ವಸಂತದಲ್ಲಿ ಜಿಲ್ಲಾ ಸಭೆಗೆ ಚುನಾವಣೆ ಬಂದಾಗ ಊರಿನವರು ಅವಳು ಬೇಡ ಬೇಡವೆಂದರೂ ಅವಳನ್ನೇ ಆರಿಸಿದರು. ಕೆಲವು ವರ್ಷಗಳ ನಂತರ ಪ್ರಾಂತದ ಸಭೆಯವರು ಸೇರಿ ಅವಳನ್ನು ರಾಜಧಾನಿಯ ಸೆನೆಟ್ಟಿಗೆ ಕಳಿಸಿದರು. ಅದು ಅವಳ ಮೇಲಿನ ಗೌರವದಿಂದ ಆದದ್ದಲ್ಲ. ಎರಡು ಬಣಗಳು ಜಗಳವಾಡಿ, ಯಾರಿಗೂ ತೊಂದರೆ ಕೊಡದ ಒಬ್ಬ ಬಾಯಿಲ್ಲದವಳು ಸಿಕ್ಕರೆ ಸಾಕೆಂದು ಒಪ್ಪಿಕೊಂಡಿದ್ದವು.

"ಅಲ್ಲಿ ಹೋಗಿ ಏನ್ ಮಾಡ್ತೀಯೆ?" ಎಂದಳು ಜುಪಾರ್, ಸೊಸೆಯ ಸೂಟ್‌ಕೇಸಿಗೆ ಒಣಗಿಸಿದ ಮೊಸರುಂಡೆ ತುಂಬುತ್ತ.

"ಕೈ ಎತ್ತು ಅಂದಾಗ ಎತ್ತಿ, ಇಳಿಸು ಅಂದಾಗ ಇಳಿಸ್ತೀನಿ, ಅತ್ತೆ."

"ಅಷ್ಟಕ್ಕೆ ನನ್ನ ಕತ್ತೆ ಸಾಕಿತ್ತು. ಅದಕ್ಕೆ ಕಿವಿ ಎತ್ತೋಕೆ ಬರುತ್ತೆ."

ಮೊದಲ ವರ್ಷ ಅವಳು ಹಾಗೇ ಕಳೆದಳು. ಸಭಾಂಗಣದಲ್ಲಿ ಪ್ರತಿಯೊಬ್ಬರ ಮುಂದೆ ಒಂದು ಮೈಕು, ಅದಕ್ಕೊಂದು ಕೆಂಪು ದೀಪ. ಆ ದೀಪ ಹೊತ್ತಿದವರ ಮುಖ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಬರುತ್ತದೆ. ತನ್ನ ದೀಪ ತಾನಾಗಿಯೇ ಹೊತ್ತಿಕೊಂಡಂತೆ ಅವಳಿಗೆ ಕನಸು ಬೀಳುತ್ತಿತ್ತಂತೆ.

ಅವಳ ಬಾಯಿ ತೆರೆಸಿದವನು ನಮ್ಮ ಬೀದಿಯ ಅಬಿಲ್ಕಾಸ್. ಕೊಯ್ಲು ಯಂತ್ರಕ್ಕೆ ಸಿಕ್ಕಿ ಅವನ ಎಡಗಾಲು ತೊಡೆಯಿಂದ ಕೆಳಗೆ ಹೋಗಿತ್ತು. ಅಂಗವಿಕಲರ ಪಿಂಚಣಿ ನಿಲ್ಲಬಾರದೆಂದರೆ ಪ್ರತಿ ಚಳಿಗಾಲ ಅವನು ಪ್ರಾಂತದ ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ವೈದ್ಯರ ಆಯೋಗದ ಮುಂದೆ ಪ್ಯಾಂಟು ಬಿಚ್ಚಬೇಕಾಗಿತ್ತು. "ನೋಡಿ ಡಾಕ್ಟ್ರೇ, ಈ ವರ್ಷಾನೂ ಚಿಗುರಿಲ್ಲ. ನೀರು ಕಮ್ಮಿ ಆಯ್ತೇನೋ," ಎಂದು ಅವನು ಅಲ್ಲಿ ಹೇಳುತ್ತಿದ್ದನಂತೆ. ಊರಿಗೆ ಬಂದು ಅದನ್ನೇ ಹೇಳಿ ನಗಿಸುತ್ತಿದ್ದ. ಒಂದು ಸಲ ಮಾತ್ರ ಹೇಳಲಿಲ್ಲ. ಬಸ್ಸು ಹತ್ತುವಾಗ ಜಾರಿ ಬಿದ್ದು, ಯಾರೂ ಎತ್ತದೆ, ಮಂಜುಗಡ್ಡೆಯ ಮೇಲೆ ಬಹಳ ಹೊತ್ತು ಬಿದ್ದಿದ್ದ.

ಸಮಾಜ ಕಲ್ಯಾಣದ ಮಸೂದೆ ಚರ್ಚೆಗೆ ಬಂದ ದಿನ ಕುಲ್ಯಾಶ್ ಗುಂಡಿ ಒತ್ತಿದಳು. ನಾವೆಲ್ಲ ಟಿವಿಯ ಮುಂದೆ ಕೂತಿದ್ದೆವು. ಅವಳ ತುಟಿ ಅಲುಗಿತು, ಮಾತು ಬರಲಿಲ್ಲ. ಯಾರೋ ಕೆಮ್ಮಿದರು. ಜುಪಾರ್ ಟಿವಿಗೆ ಮುಖ ಕೊಟ್ಟು ಬೈದಳು: "ಉಗುಳೇ ಆಚೆ, ಏನು ಬಾಯಲ್ಲಿ ಇಟ್ಕೊಂಡಿದ್ದೀಯ!" ಕೊನೆಗೆ ತೀರ ಸಣ್ಣ ದನಿಯಲ್ಲಿ ಅವಳು ಕೇಳಿದಳು: ಕಡಿದ ಕಾಲು ಮತ್ತೆ ಬೆಳೆಯದು ಎಂದು ಗೊತ್ತಿದ್ದೂ ವರ್ಷವರ್ಷ ಆ ಮನುಷ್ಯನನ್ನು ಹಿಮದಲ್ಲಿ ಓಡಾಡಿಸುವುದು ಯಾಕೆ?

ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಅವತ್ತೇ ಸಂಜೆ ಅವಳಿಗೆ ಒಂದು ಫೋನ್ ಬಂತು. ಯಾರೆಂದು ಹೇಳದ ಒಬ್ಬ ಮೃದು ದನಿಯ ಮನುಷ್ಯ. "ಪ್ರಶ್ನೆ ಒಳ್ಳೇದೇ, ಕುಲ್ಯಾಶ್ ಅವರೇ. ಟಿವಿ ಇರುವಾಗ ಯಾಕೆ ಕೇಳಿದ್ರಿ ಅಂತ ಅಷ್ಟೇ. ನಿಮ್ಮ ಯಜಮಾನರು ಇನ್ನೂ ವಿದ್ಯುತ್ ಕೇಂದ್ರದಲ್ಲೇ ಇದ್ದಾರಲ್ವಾ?" ಅದಾದ ಮೇಲೆ ಗಂಡ ಕೆಲಸದಿಂದ ಮನೆಗೆ ಬರುವುದು ಸ್ವಲ್ಪ ತಡವಾದರೂ ಅವಳು ರಾಜಧಾನಿಯಿಂದ ನನಗೆ ಫೋನ್ ಮಾಡುತ್ತಿದ್ದಳು. "ಬೇಲಿ ಮೇಲಿಂದ ನೋಡೇ, ಅವರ ಬೂಟು ಬಾಗಿಲ ಹತ್ರ ಇದೆಯಾ?" ನಾನು ನೋಡಿ ಇದೆ ಎನ್ನುವವರೆಗೂ ಅವಳ ಉಸಿರು ನನಗೆ ಕೇಳುತ್ತಿತ್ತು.

ಅದರ ಮರುವರ್ಷ ಜನವರಿಯಲ್ಲಿ ಸಾರಿಗೆ ಮಸೂದೆ ಬಂತು. ಚಳಿಗಾಲದ ರಸ್ತೆ, ಬಸ್ಸು, ಅವುಗಳ ಹೊಣೆ, ಎಲ್ಲ ಅದರಲ್ಲಿತ್ತು. ಚರ್ಚೆಯ ಹಿಂದಿನ ದಿನ ಅವಳು ಊರಿನಲ್ಲಿದ್ದಳು. ಕರೆದೊಯ್ಯಲು ಕಾರು ಕಳಿಸುತ್ತೇವೆಂದರು. ಅವಳು ಬೇಡವೆಂದಳು. ಅವತ್ತೇ ಅಬಿಲ್ಕಾಸ್ ಆಯೋಗಕ್ಕೆ ಹೊರಟಿದ್ದ. ಅವನ ಜೊತೆ ಬಸ್ಸಿನಲ್ಲಿ ಬಂದು, ಆಯೋಗದವರೆದುರು ತಾನೂ ನಿಂತು, ಅಲ್ಲಿಂದ ಸಂಜೆಯ ರೈಲು ಹಿಡಿಯುವುದು ಅವಳ ಯೋಚನೆ. ನನಗೆ ಕಣ್ಣಿನ ಪೊರೆ ತೆಗೆಸಬೇಕಿತ್ತು. ಮೂವರೂ ಒಟ್ಟಿಗೆ ಬಸ್ಸು ಹತ್ತಿದೆವು.

ಹೊರಟಾಗ ಆಕಾಶ ನೀಲಿ. ಸಾದ್ವಕಾಸೊವ್ ನಿವೃತ್ತನಾಗಿದ್ದ, ಗಾಜಿನ ಕೋಣೆಯಲ್ಲಿ ಬೇರೆ ಹುಡುಗಿ ಇದ್ದಳು. ಕುಲ್ಯಾಶ್ ಅವಳ ಹತ್ತಿರ ಹೋಗಿ ಏನೋ ಕೇಳಿ ಬಂದಳು. "ಮುಂದೆ ಗಾಳಿ ಇದೆ ಅಂತ ಸುದ್ದಿ ಬಂದಿದೆಯಂತೆ. ಆದರೆ ಹೋಗಬೇಡಿ ಅನ್ನೋಕೆ ಅವಳಿಗೆ ಅಧಿಕಾರ ಇಲ್ಲ. ನನಗೂ ಇರಲಿಲ್ಲ," ಎಂದು ಕೂತಳು. ಅವಳ ಕೈ ನನ್ನ ಕೈ ಹುಡುಕಿತು. ಇಳಿದುಬಿಡೋಣವಾ ಎಂದೆ. ಅಬಿಲ್ಕಾಸ್ ಕೇಳಿಸಿಕೊಂಡು, "ಇವತ್ತು ಹೋಗದಿದ್ರೆ ನನ್ನ ಪಿಂಚಣಿ ನಿಲ್ಲುತ್ತೆ, ನೀವಿಬ್ರೂ ಇಳೀರಿ," ಎಂದ. ಯಾರೂ ಇಳಿಯಲಿಲ್ಲ.

ದಾರಿ ಅರ್ಧ ಸವೆದಿರಬೇಕು. ಮೊದಲು ರಸ್ತೆಯ ಮೇಲೆ ಹಿಮ ಹಾವಿನಂತೆ ಹರಿಯತೊಡಗಿತು. ಆಮೇಲೆ ದೂರದ ಕಂಬಗಳು ಒಂದೊಂದಾಗಿ ಕಾಣದಾದವು. ಆಮೇಲೆ ಬಸ್ಸಿನ ಮೂತಿಯೇ ಕಾಣಲಿಲ್ಲ. ಚಾಲಕ ನಿಲ್ಲಿಸಿದ. ಗಾಳಿ ಒಂದು ಕಡೆಯಿಂದ ಬಸ್ಸನ್ನು ನೂಕುತ್ತಿತ್ತು; ಇಡೀ ಬಸ್ಸು ತೊಟ್ಟಿಲಿನಂತೆ ತೂಗುತ್ತಿತ್ತು. ಸ್ವಲ್ಪ ಹೊತ್ತಿಗೆ ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಡೀಸೆಲ್ ಹೆಪ್ಪುಗಟ್ಟಿತ್ತು. ಎಂಜಿನ್ ನಿಂತ ಮೇಲೆ ಗಾಳಿಯ ಸದ್ದು ಕೇಳಿಸಿತು ನೋಡಿ, ಅದನ್ನು ಹೇಗೆ ಹೇಳಲಿ. ಯಾರೋ ಹೊರಗೆ ನಿಂತು ನಮ್ಮ ಹೆಸರು ಹಿಡಿದು ಕರೆದ ಹಾಗೆ.

ಚಾಲಕನಿಗೆ ಒಂದೇ ಒಂದು ಸಲ ಫೋನ್ ಸಿಕ್ಕಿತು. "ಗೊತ್ತಾಗಿದೆ, ಬರ್ತಾರಂತೆ. ಗಾಳಿ ಸ್ವಲ್ಪ ತಗ್ಗಿದ ಮೇಲೆ," ಎಂದ. ಆಮೇಲೆ ಸಿಗ್ನಲ್ ಹೋಯಿತು. ಕಿಟಕಿಗಳಿಗೆ ಒಳಗಿನಿಂದಲೇ ಹಿಮ ಕಟ್ಟಿ ಬಸ್ಸಿನೊಳಗೆ ಬೂದು ಕತ್ತಲೆ. ಮುಂದಿನ ಸೀಟಿನಲ್ಲಿ ಒಬ್ಬ ಎಳೆಯ ಗಂಡ, ಮೆಯಿರ್‌ಬೆಕ್ ಎಂದು, ಅವನ ಹೆಂಡತಿ ಮತ್ತು ಎದೆಹಾಲಿನ ಮಗು. ಮಗು ಮೊದಲು ಅಳುತ್ತಿತ್ತು. ಆಮೇಲೆ ಅಳು ನಿಲ್ಲಿಸಿತು. ಅದು ನಿಂತಾಗ ಬಸ್ಸಿನಲ್ಲಿದ್ದವರೆಲ್ಲ ಆ ಕಡೆ ತಿರುಗಿದೆವು.

ಮೆಯಿರ್‌ಬೆಕ್ ಕಿಟಕಿಯ ಹಿಮ ಕೆರೆದು ನೋಡಿ ಎದ್ದ. "ದೀಪ ಕಾಣ್ತು! ಅಗೋ ಅಲ್ಲಿ, ನಾನು ನೋಡ್ದೆ. ಕುರಿಗಾರರ ಮನೆ ಇರ್ಬೇಕು. ಹೋಗಿ ಜನ ಕರ್ಕೊಂಡು ಬರ್ತೀನಿ. ಬಾಗಿಲು ತೆಗೀರಿ."

ಚಾಲಕ ತೆಗೆಯುವುದಿಲ್ಲ ಎಂದ. ಮೆಯಿರ್‌ಬೆಕ್ ಅವನ ಕೊರಳಪಟ್ಟಿ ಹಿಡಿದ. ಆಗ ಕುಲ್ಯಾಶ್ ಎದ್ದಳು. ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಕೂತ್ಕೋ ಮಗಾ."

"ನೀವು ಸೆನೆಟರ್ ಅಲ್ವಾ? ಟಿವೀಲಿ ನೋಡಿದ್ದೀನಿ. ಫೋನ್ ಮಾಡಿ ಹೆಲಿಕಾಪ್ಟರ್ ಕರ್ಸಿ ಮತ್ತೆ! ಆಗಲ್ವಾ? ಆಗಲ್ಲ ಅಂದ್ರೆ ಸರೀರಿ ಆಚೆ."

"ನನ್ನ ಫೋನಿಗೂ ಸಿಗ್ನಲ್ ಇಲ್ಲ."

"ಅಷ್ಟಕ್ಕೆ ಯಾಕ್ ಬೇಕು ಸೆನೆಟರ್ರು?"

ಬಸ್ಸಿನಲ್ಲಿ ಒಂದಿಬ್ಬರು ನಕ್ಕರು. ಹೆದರಿದಾಗ ಬರುವ ನಗು ಅದು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಮೆಯಿರ್‌ಬೆಕ್ ಅವಳ ಹೆಗಲಿಗೆ ಕೈ ಹಾಕಿ ಎಳೆದ. ಅಷ್ಟರಲ್ಲಿ ಅಬಿಲ್ಕಾಸ್ ತನ್ನ ಊರುಗೋಲನ್ನು ಬಾಗಿಲ ಹಿಡಿಗೆ ಅಡ್ಡ ಸಿಕ್ಕಿಸಿ, "ತಮ್ಮಾ, ಅವಳನ್ನ ಮುಟ್ಟಿದ್ರೆ ಇನ್ನೊಂದು ಕೋಲು ನಿನ್ನ ಬೆನ್ನಿಗೆ," ಎಂದ.

ಆಗ ಕುಲ್ಯಾಶ್ ಮಾತಾಡಿದಳು. ನುರ್ತಾಸ್ ಮೇಷ್ಟ್ರ ವಿಷಯ ಹೇಳಿದಳು. ಅವರಿಗೂ ದೀಪ ಕಂಡಿತ್ತು ಎಂದಳು. ಅವರು ಎಲ್ಲಿ ಸಿಕ್ಕಿದರು, ಹೇಗೆ ಸಿಕ್ಕಿದರು ಎಂದು ಹೇಳಿದಳು. ಕೈ ಹಿಡಿದುಕೊಂಡಿದ್ದನ್ನೂ ಹೇಳಿದಳು. "ಅವತ್ತು ಬಸ್ಸಿಗೆ ಹತ್ತಿ ಅಂತ ಕೂಗಿದ್ದು ನಾನು. ಇದೇ ಬಾಯಿ. ನೀನು ಹೋದ್ರೆ ನಾಳೆ ನಿನ್ನ ಹೆಂಡತಿಗೆ ಏನು ಹೇಳ್ಲಿ? ನನಗೆ ಹೇಳೋಕೆ ಬರಲ್ಲ ಮಗಾ. ನನಗೆ ತುಂಬ ಭಯ ಆಗ್ತಿದೆ. ನೀನು ಕೂತ್ಕೋ."

ಅವನು ಅವಳನ್ನು ನೋಡಿದ. ಅವಳ ಕೆನ್ನೆಯ ಮೇಲೆ ಕಣ್ಣೀರು ಇಳಿದಲ್ಲೇ ಹೆಪ್ಪುಗಟ್ಟುತ್ತಿತ್ತು. ಅವನು ನಿಂತಲ್ಲೇ ಕುಸಿದು ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡ.

ಆಮೇಲೆ ನಾವು ಹೆಂಗಸರು ಮಗುವನ್ನು ಒಬ್ಬರ ಕೋಟಿನೊಳಗಿಂದ ಇನ್ನೊಬ್ಬರ ಕೋಟಿನೊಳಕ್ಕೆ ದಾಟಿಸುತ್ತ ಕೂತೆವು. ನನ್ನ ಎದೆಗೆ ಬಂದಾಗ ಅದರ ಮೂಗು ಮಂಜಿನ ಹಾಗೆ ತಣ್ಣಗಿತ್ತು. ಉಸಿರಿದೆಯಾ ಎಂದು ನೋಡಲು ಹೆದರಿ ಸುಮ್ಮನೆ ಅಪ್ಪಿಕೊಂಡೆ. ಆಗ ಅದು ಕಾಲು ಝಾಡಿಸಿತು. ಅಬಿಲ್ಕಾಸ್ ತನ್ನ ಒಂದೇ ಕಾಲಿನ ಉಣ್ಣೆಯ ಬೂಟು ಬಿಚ್ಚಿ ಮಗುವಿನ ತಾಯಿಗೆ ಕೊಟ್ಟು, ಮಗುವನ್ನು ಇದರಲ್ಲಿ ಇಳಿಸಿಬಿಡಮ್ಮ ಎಂದ. ನಿನ್ನ ಕಾಲು ಎಂದರೆ, ಕಾಲ್ಚೀಲ ಇದೆಯಲ್ಲ ಎಂದ. ನಿದ್ದೆ ಹೋಗುವವರನ್ನು ಕುಲ್ಯಾಶ್ ಹೊಡೆದು ಹೊಡೆದು ಎಬ್ಬಿಸುತ್ತಿದ್ದಳು. ಚಾಲಕನೂ ಒಂದೇಟು ತಿಂದ.

ಸಂಜೆಯ ಹೊತ್ತಿಗೆ ಹೊರಗೆ ಗುಡುಗಿದಂತಾಯಿತು. ಯಾರೂ ನಂಬಲಿಲ್ಲ. ಕಿಟಕಿಯ ಹಿಮಕ್ಕೆ ಹಳದಿ ಬೆಳಕು ತಾಗಿದಾಗಲೂ ಮೆಯಿರ್‌ಬೆಕ್ ಏಳಲಿಲ್ಲ. ಮತ್ತೆ ಸುಳ್ಳು ದೀಪವೇನೋ ಎಂದು ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಹೊರಗಿನಿಂದ ಸಲಿಕೆಯ ಸದ್ದು ಬಂದ ಮೇಲೆ ನಾವು ಕಿರುಚಿದೆವು. ಪಟ್ಟಿಗಾಲಿಯ ದೊಡ್ಡ ಟ್ರಾಕ್ಟರಿನಲ್ಲಿ ನಮ್ಮನ್ನು ಪಟ್ಟಣದ ಆಸ್ಪತ್ರೆಗೆ ಒಯ್ದರು. ಯಾರೂ ಸಾಯಲಿಲ್ಲ. ಮಗುವಿಗೆ ಏನೂ ಆಗಿರಲಿಲ್ಲ. ಅಬಿಲ್ಕಾಸನ ಉಳಿದ ಕಾಲಿನ ಬೆರಳುಗಳು ಕಪ್ಪಾಗಿದ್ದವು. ಕತ್ತರಿಸಲೇಬೇಕು ಎಂದರು, ಕೆಲವು ದಿನಗಳ ನಂತರ ಕತ್ತರಿಸಿದರು.

ಚಳಿಗೆ ಮರಗಟ್ಟಿದ್ದ ಕುಲ್ಯಾಶಳ ಕೆನ್ನೆ ಬಾತು ಒಂದು ಕಣ್ಣು ಮುಚ್ಚಿಹೋಗಿತ್ತು. ವೈದ್ಯರು ಮಲಗಿ ಎಂದರು. ಅವಳು ಮಲಗಲಿಲ್ಲ, ರಾತ್ರಿಯ ರೈಲು ಹತ್ತಿದಳು. ಮರುದಿನ ನಾನೂ ಅಬಿಲ್ಕಾಸನೂ ವಾರ್ಡಿನ ಟಿವಿಯಲ್ಲಿ ಅವಳನ್ನು ನೋಡಿದೆವು. ಸಭಾಧ್ಯಕ್ಷರು ಸಭ್ಯವಾಗಿಯೇ ಕೇಳಿದರು, ನಿಮಗೆ ಹುಷಾರಿಲ್ಲ, ಬೇರೆ ದಿನ ಮಾತಾಡುವಿರಾ ಎಂದು. ಅವಳು ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಕೆಂಪು ದೀಪ ಹೊತ್ತಿತು. ಅವಳ ಊದಿದ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು.

ಈ ಸಲವೂ ಮಾತು ತಡವಾಗಿಯೇ ಬಂತು. ಅಬಿಲ್ಕಾಸ್ ಹಲ್ಲು ಕಚ್ಚಿಕೊಂಡಿದ್ದ. ಅವಳು ನಿನ್ನೆ ನಡೆದದ್ದನ್ನು ಹೇಳಿದಳು, ಬಣ್ಣ ಹಚ್ಚದೆ, ಅಕ್ಕಪಕ್ಕದವರಿಗೆ ಹೇಳಿದ ಹಾಗೆ. ಆಮೇಲೆ ಎರಡು ಕೇಳಿದಳು. ನಿಲ್ದಾಣದಲ್ಲಿ ಕೂತು ಬಸ್ಸು ಬಿಡುವವರು ಇವತ್ತು ಬೇಡ ಎಂದರೆ ಬಸ್ಸು ನಿಲ್ಲಬೇಕು, ಹಾಗೆ ಅಂದದ್ದಕ್ಕೆ ಅವರ ಕೆಲಸ ಕೀಳಬಾರದು. ಎರಡನೆಯದು, ಕೈಕಾಲು ಕಳೆದುಕೊಂಡವರನ್ನು ಒಂದೇ ಸಲ ನೋಡಿ, ಮತ್ತೆ ಕರೆಸಬಾರದು.

ಹಿರಿಯ ಸೆನೆಟರ್ ಒಬ್ಬರು ಎದ್ದರು. "ಕುಲ್ಯಾಶ್ ಅವರ ಕಷ್ಟ ಅರ್ಥ ಆಗುತ್ತೆ. ಆದ್ರೆ ಹೀಗೆ ಅಧಿಕಾರ ಕೊಟ್ಟರೆ ಹೆದರಿದವರೆಲ್ಲ ಸುಮ್ ಸುಮ್ನೆ ಬಸ್ ನಿಲ್ಲಿಸ್ತಾ ಕೂರ್ತಾರಲ್ಲ?"

"ನಿಲ್ಲಿಸ್ಲಿ," ಎಂದಳು ಅವಳು. "ಸುಮ್ನೆ ನಿಲ್ಲಿಸಿದ್ರೆ ಜನ ಬೈಕೊಂಡು ಮನೆಗೆ ಹೋಗ್ತಾರೆ. ಸುಮ್ನೆ ಬಿಟ್ಟರೆ..." ಅಷ್ಟಕ್ಕೆ ಸಮಯ ಮುಗಿದು ದೀಪ ಆರಿತು. ಅವಳು ಎರಡೂ ಕೈಯಿಂದ ಮೇಜು ಹಿಡಿದುಕೊಂಡು ನಿಂತೇ ಇದ್ದಳು. ಪಕ್ಕದವರು ಮೆಲ್ಲಗೆ ಎಳೆದು ಕೂರಿಸಿದರು.

"ಪಾಪ, ನನ್ನ ಕಾಲ್ಬೆರಳಿನ ವಿಷಯ ಹೇಳೋದು ಮರೆತಳು," ಎಂದ ಅಬಿಲ್ಕಾಸ್. "ಇನ್ಮೇಲೆ ಎರಡೂ ಕಡೆ ಚಿಗುರಿಲ್ಲ ಅಂತ ತೋರಿಸ್ಬೇಕು." ಹಾಗೆಂದವನು ಗೋಡೆಯ ಕಡೆ ಹೊರಳಿ ಅತ್ತ.

ಮೃದು ದನಿಯ ಮನುಷ್ಯ ಮತ್ತೆ ಫೋನ್ ಮಾಡಿದ. ಅವಳು ಎತ್ತಿ, ಕೇಳಿಸಿಕೊಂಡು, ಇಟ್ಟಳು. ಆಮೇಲೆ ಸ್ನಾನದ ಮನೆಗೆ ಹೋಗಿ ವಾಂತಿ ಮಾಡಿಕೊಂಡಳಂತೆ. ವಸಂತದಲ್ಲಿ ಗಂಡನನ್ನು ವಿದ್ಯುತ್ ಕೇಂದ್ರದಿಂದ ದೂರದ ಊರಿಗೆ ವರ್ಗ ಮಾಡಿದರು. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ ಗೊತ್ತಾಗಲೇ ಇಲ್ಲ. ಗೊತ್ತಾಗದೇ ಇದ್ದದ್ದೇ ಅವಳನ್ನು ಹೆಚ್ಚು ಹಿಂಡಿತು. ಬಸ್ಸು ನಿಲ್ಲಿಸುವ ಅಧಿಕಾರ ಮಸೂದೆಯಲ್ಲಿ ಸೇರಿತು. ಕೈಕಾಲಿನ ವಿಷಯ ಅಲ್ಲಿ ಇಲ್ಲಿ ಸುತ್ತಿ, ಬಹಳ ತಡವಾಗಿ, ಅರ್ಧಂಬರ್ಧ ಒಪ್ಪಿಗೆಯಾಯಿತು: ಇಡೀ ಕಾಲು ಹೋದವರಿಗೆ ಮಾತ್ರ. ಅಬಿಲ್ಕಾಸನ ಓಡಾಟ ನಿಂತಿತು. ಕುಲ್ಯಾಶಳನ್ನು ಎರಡನೇ ಸಲ ಯಾರೂ ಸೆನೆಟ್ಟಿಗೆ ಕಳಿಸಲಿಲ್ಲ. ಅವಳೂ ಕೇಳಲಿಲ್ಲ. ಊರಿಗೆ ಬಂದು ಹಸು ಕಟ್ಟಿಕೊಂಡಳು.

ಕಳೆದ ಚಳಿಗಾಲದಲ್ಲಿ ನಾನು ಅವಳ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಒಬ್ಬ ಗಡ್ಡದವನು ಬಾಗಿಲು ದೂಡಿಕೊಂಡು ಬಂದ. ಕೈಯಲ್ಲಿ ಉಡುಗೊರೆಯ ಕಂಬಳಿಯ ಗಂಟು.

"ಕುಲ್ಯಾಶ್ ಅಕ್ಕ ನೀವೇನಾ? ನಿಮ್ಮ ಕಾನೂನು ಹಿಡ್ಕೊಂಡು ನಿಲ್ದಾಣದ ಆ ಹುಡುಗಿ ಬಸ್ ನಿಲ್ಲಿಸಿದ್ಲು. ಇವತ್ತು ನನ್ನ ತಂಗಿ ಮಗಳ ಮದುವೆ! ಹೊರಗೆ ಬಂದು ಆಕಾಶ ನೋಡಿ. ಎಲ್ಲಿದೆ ಬುರಾನ್? ತೋರಿಸಿ ನನಗೆ!"

ಕುಲ್ಯಾಶ್ ಹಿಟ್ಟಿನ ಕೈಯಲ್ಲೇ ಎದ್ದು ನಿಂತು ಗೋಡೆಗೆ ಒತ್ತಿಕೊಂಡಳು. ಮುಖ ಬಿಳಿಚಿತ್ತು. "ಬೈಯಿ ಅಣ್ಣಾ," ಎಂದಳು. "ಬೈದು ಮುಗಿಸಿ ಚಹಾ ಕುಡಿ."

ಅವನು ಸಾಕಷ್ಟು ಬೈದ. ಒಳಗಿನಿಂದ ಮುದುಕಿ ಜುಪಾರ್ ಅವನಿಗೆ ತಿರುಗಿ ಬೈದಳು. ಕೊನೆಗೆ ಅವನು ಗಂಟು ಕೆಳಗಿಟ್ಟು, ಕರಿದ ರೊಟ್ಟಿ ತಿಂದು, ಚಹಾ ಕುಡಿದು, ಗೊಣಗುತ್ತ ಹೋದ. ಅವತ್ತೆಲ್ಲ ಆಕಾಶ ತಿಳಿಯಾಗಿಯೇ ಇತ್ತು. ಕತ್ತಲಾಗುವವರೆಗೂ ಅವಳು ಮತ್ತೆ ಮತ್ತೆ ಅಂಗಳಕ್ಕೆ ಹೋಗಿ, ರಸ್ತೆ ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತು ಬರುತ್ತಿದ್ದಳು. ಏನಾಯ್ತೇ ಎಂದರೆ, ಏನಿಲ್ಲ, ಗಾಳಿ ನೋಡ್ದೆ ಎನ್ನುತ್ತಿದ್ದಳು.